ನೂರಕ್ಕೆ ನೂರು ಆಗಲೇಬೇಕೇ?

“ಅಮ್ಮಾ, ಇನ್ನೊಂದೇ ಒಂದು ಬಾಕಿ ಇದೆ. ಅದಾದರೆ ನೂರಕ್ಕೆ ನೂರು!”

ಮಕ್ಕಳಿರುವ ಮನೆಗಳಲ್ಲಿ ಈ ಮಾತು ಈಗ ಹೊಸತಲ್ಲ. ತಟ್ಟೆಯಲ್ಲಿ ಅನ್ನ ಆರುತ್ತಿರುತ್ತದೆ, ತಾಯಿ ಮೂರನೇ ಸಲ ಕರೆದಿರುತ್ತಾಳೆ. ಮಗಳ ಕಣ್ಣು ಮಾತ್ರ ಕಂಪ್ಯೂಟರಿನ ಪರದೆಯಿಂದ ಕದಲುವುದಿಲ್ಲ. ಏನದು ಬಾಕಿ ಎಂದು ಕೇಳಿದರೆ ‘ಅಚೀವ್‌ಮೆಂಟ್’ ಎಂಬ ಉತ್ತರ ಬರುತ್ತದೆ. ಆಟದಲ್ಲಿ ಒಂದೊಂದು ಕೆಲಸ ಮುಗಿಸಿದಾಗಲೂ ಪರದೆಯ ಮೂಲೆಯಲ್ಲಿ ಮೂಡುವ ಸಣ್ಣ ಪದಕವದು. ಇಡೀ ಪಟ್ಟಿ ಭರ್ತಿಯಾಗುವವರೆಗೆ ಕೆಲವರಿಗೆ ಸಮಾಧಾನವಿಲ್ಲ. ಗದರಿಸುವ ಮೊದಲು ಈ ಪದಕಗಳ ಕಥೆಯನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದಲ್ಲವೇ?

ಪದಕಗಳು ಬಂದ ದಾರಿ

1980ರ ದಶಕದ ಆರಂಭದಲ್ಲಿ ಅಮೆರಿಕದ ಆಕ್ಟಿವಿಷನ್ ಕಂಪೆನಿ ಒಂದು ಉಪಾಯ ಮಾಡಿತು. ಹೆಚ್ಚು ಅಂಕ ಗಳಿಸಿದವರು ಟಿ.ವಿ. ಪರದೆಯ ಫೋಟೋ ತೆಗೆದು ಅಂಚೆಯಲ್ಲಿ ಕಳಿಸಿದರೆ, ಅಂಗಿಗೆ ಹೊಲಿದುಕೊಳ್ಳಬಹುದಾದ ಬಟ್ಟೆಯ ಬಿಲ್ಲೆ ಮನೆಗೆ ಬರುತ್ತಿತ್ತು. 1982ರ ‘ಪಿಟ್‌ಫಾಲ್’ ಆಟದಲ್ಲಿ ಇದಕ್ಕೆ 20,000 ಅಂಕ ಬೇಕಿತ್ತು. 2005ರಲ್ಲಿ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360 ಬಂದಾಗ ಯಂತ್ರವೇ ಲೆಕ್ಕ ಇಡತೊಡಗಿತು. 2007ರಲ್ಲಿ ಸ್ಟೀಮ್, 2008ರಲ್ಲಿ ಪ್ಲೇಸ್ಟೇಷನ್ ಅದೇ ದಾರಿ ಹಿಡಿದವು. ಒಂದು ಕಾಲದಲ್ಲಿ ಫೋಟೋ ತೆಗೆದು, ಪತ್ರ ಬರೆದು ಕಾಯಬೇಕಿದ್ದ ಬಹುಮಾನ ಈಗ ಕ್ಷಣದಲ್ಲಿ ಬಂದು, ಮುಂದಿನದಕ್ಕೆ ಆಸೆ ಹುಟ್ಟಿಸುತ್ತದೆ.

ಒಂದು ಪುಟ್ಟ ಬೆಟ್ಟದ ಆಟ

ಎಲ್ಲ ಆಟಗಳೂ ಹೊಡೆದಾಟದವಲ್ಲ. ಕೆನಡಾದ ಆಡಮ್ ರಾಬಿನ್ಸನ್-ಯು ದೊಡ್ಡದೊಂದು ಆಟದ ಕೆಲಸದಿಂದ ಬಿಡುವು ಪಡೆದು, ಕೆಲವೇ ತಿಂಗಳಲ್ಲಿ ಸಿದ್ಧಪಡಿಸಿದ ‘ಎ ಶಾರ್ಟ್ ಹೈಕ್’ ಅಂಥದ್ದೊಂದು. 2019ರಲ್ಲಿ ಬಂದ ಈ ಆಟಕ್ಕೆ 2020ರ ಸ್ವತಂತ್ರ ಆಟಗಳ ಉತ್ಸವದಲ್ಲಿ ಅತ್ಯುನ್ನತ ಪ್ರಶಸ್ತಿ ಸಿಕ್ಕಿತು.

ಕಥೆ ಸರಳ. ಕ್ಲೇರ್ ಎಂಬ ಎಳೆಯ ಹಕ್ಕಿ ರಜೆಯಲ್ಲಿ ಚಿಕ್ಕಮ್ಮ ಮೇಯವರ ಬಳಿಗೆ, ಒಂದು ಬೆಟ್ಟದ ಉದ್ಯಾನಕ್ಕೆ ಬಂದಿದ್ದಾಳೆ. ಅವಳು ಒಂದು ಮುಖ್ಯವಾದ ಫೋನ್ ಕರೆಗೆ ಕಾಯುತ್ತಿದ್ದಾಳೆ. ಆದರೆ ಅಲ್ಲಿ ಸಿಗ್ನಲ್ ಇಲ್ಲ. ಸಿಗಬೇಕಾದರೆ ಶಿಖರ ಏರಬೇಕು. ಏರಲು ಶಕ್ತಿ ಕೊಡುವುದು ಬಂಗಾರದ ಗರಿಗಳು. ಮೇಲೆ ಹೋದಂತೆ ಚಳಿಗೆ ಗರಿಗಳು ಹೆಪ್ಪುಗಟ್ಟುತ್ತವೆ, ಬಿಸಿನೀರಿನ ಬುಗ್ಗೆಯಲ್ಲಿ ಮಿಂದರೆ ಕರಗುತ್ತವೆ. ಇಲ್ಲಿ ಶತ್ರುಗಳಿಲ್ಲ, ಗಡುವಿಲ್ಲ. ಬಿದ್ದರೂ ಪೆಟ್ಟಾಗುವುದಿಲ್ಲ. ನೇರವಾಗಿ ಹೋದರೆ ಸುಮಾರು ಒಂದೂವರೆ ಗಂಟೆಯಲ್ಲಿ ತುದಿ ತಲುಪಬಹುದು.

ತುದಿಯಲ್ಲಿ ಫೋನ್ ಮೊಳಗುತ್ತದೆ. ಅತ್ತ ಕಡೆ ಅಮ್ಮ. ಅವರಿಗೆ ಶಸ್ತ್ರಚಿಕಿತ್ಸೆಯಾಗಿದೆ, ಈಗ ಚೆನ್ನಾಗಿದ್ದಾರೆ. ಅಷ್ಟು ಹೊತ್ತೂ ಮೀನು ಹಿಡಿಯುತ್ತಾ, ಅವರಿವರೊಡನೆ ಹರಟುತ್ತಾ ಅಲೆದ ಆ ಮರಿಯ ಎದೆಯಲ್ಲಿ ಎಂಥ ಭಾರವಿತ್ತೆಂಬುದು ಆಡುವವರಿಗೆ ಆಗಷ್ಟೇ ಪೂರ್ತಿಯಾಗಿ ಅರ್ಥವಾಗುತ್ತದೆ. ಕಾಯಿಲೆಯ ತಾಯಿಯನ್ನು ಆಸ್ಪತ್ರೆಯಲ್ಲಿ ಬಿಟ್ಟು ನೆಂಟರ ಮನೆಯಲ್ಲಿ ಉಳಿದ ಮಕ್ಕಳ ಮನಸ್ಸು ನಮಗೆ ಗೊತ್ತಿಲ್ಲದ್ದೇನಲ್ಲ. ಅವರು ಆಡುತ್ತಾರೆ, ನಗುತ್ತಾರೆ. ಕಿವಿ ಮಾತ್ರ ಫೋನಿನ ಕಡೆಗೇ ಇರುತ್ತದೆ.

ಪಟ್ಟಿ ತುಂಬಿಸುವ ಸುಖ

ಕಥೆ ಮುಗಿದರೂ ಆಟಕ್ಕೆ ಮರಳಬಹುದು. ಅಲ್ಲಿಂದಲೇ ಪದಕ ಬೇಟೆಗಾರರ ಕೆಲಸ ಶುರು. ಶಿಖರ ಏರಲು ಕೆಲವೇ ಗರಿಗಳು ಸಾಕು, ಆದರೆ ಇಡೀ ದ್ವೀಪದಲ್ಲಿರುವುದು 20. ಬಗೆಬಗೆಯ ಮೀನುಗಳಿವೆ, ಓಟದ ಪಂದ್ಯವಿದೆ, ಮರಳ ತೀರದಲ್ಲಿ ಚೆಂಡಾಟವಿದೆ. ಚಿಪ್ಪು ಬೇಕೆನ್ನುವ ಮಗುವಿದೆ, ಮರಳಿನ ಕೋಟೆ ಕಟ್ಟುತ್ತಾ ಆಟಿಕೆಯ ಗುದ್ದಲಿಗಾಗಿ ಕಾಯುವ ಕಪ್ಪೆಯಿದೆ. ಎಲ್ಲ ಮುಗಿಸಲು ಇನ್ನೂ ಕೆಲವು ಗಂಟೆ ಬೇಕು. ಹುಡುಕಾಟದ ನೆಪದಲ್ಲಿ ಮೊದಲು ಕಾಣದ ಮೂಲೆಗಳು ಕಾಣುತ್ತವೆ, ಮಾತನಾಡಿಸದೆ ಬಂದವರ ಕಷ್ಟ ಸುಖ ತಿಳಿಯುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಕಸೂತಿ ಹಿಡಿದವಳು ಕೊನೆಯ ಎಲೆ ಮೂಡಿಸದೆ ಎದ್ದಾಳೇ?

ಆದರೆ ವಿಶ್ರಾಂತಿಗೆಂದು ಕುಳಿತ ಆಟ ದುಡಿಮೆಯಾಗುವ ಗಡಿಯೂ ಇಲ್ಲೇ ಇದೆ. ದ್ವೀಪ ನೋಡುವುದನ್ನು ಬಿಟ್ಟು ಬರೀ ಪಟ್ಟಿ ನೋಡತೊಡಗಿದರೆ, ಬೆಟ್ಟವೂ ಒಂದು ಹೋಂವರ್ಕ್ ಆಗಿಬಿಡುತ್ತದೆ.

ಬಹುಮಾನದ ಇನ್ನೊಂದು ಮುಖ

ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ 1973ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ತಾಯಂದಿರು ತಿಳಿದಿರಬೇಕಾದದ್ದು. ಚಿತ್ರ ಬರೆಯುವುದೆಂದರೆ ಇಷ್ಟವಿದ್ದ ಶಿಶುವಿಹಾರದ ಮಕ್ಕಳನ್ನು ಅವರು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ, ಬರೆದರೆ ಪ್ರಮಾಣಪತ್ರ ಕೊಡುತ್ತೇವೆಂದು ಮೊದಲೇ ಹೇಳಿದರು. ಇನ್ನೊಂದಕ್ಕೆ ಹೇಳದೆ ಕೊನೆಯಲ್ಲಿ ಕೊಟ್ಟರು. ಮೂರನೆಯದಕ್ಕೆ ಏನೂ ಕೊಡಲಿಲ್ಲ. ಒಂದೆರಡು ವಾರಗಳ ನಂತರ ನೋಡಿದಾಗ, ಬಹುಮಾನಕ್ಕಾಗಿಯೇ ಬರೆದ ಮಕ್ಕಳು ತಾವಾಗಿ ಚಿತ್ರ ಬರೆಯಲು ಕೊಡುತ್ತಿದ್ದ ಸಮಯ ಉಳಿದವರಿಗಿಂತ ಸುಮಾರು ಅರ್ಧದಷ್ಟಿತ್ತು. ಅನಿರೀಕ್ಷಿತವಾಗಿ ಬಹುಮಾನ ಪಡೆದವರ ಆಸಕ್ತಿ ಕುಂದಿರಲಿಲ್ಲ.

ಆಟದ ಪದಕಕ್ಕೂ, ನಾವು ಮಕ್ಕಳಿಗೆ ಒಡ್ಡುವ ಚಾಕಲೇಟಿನ ಆಮಿಷಕ್ಕೂ ಈ ಪಾಠ ಅನ್ವಯಿಸುತ್ತದೆ. ಪ್ರೀತಿಯಿಂದ ಮಾಡುವ ಕೆಲಸಕ್ಕೆ ಮೊದಲೇ ಬೆಲೆ ಕಟ್ಟಿದರೆ ಪ್ರೀತಿ ಸವೆಯಬಹುದು.

ಮನೆಯಲ್ಲಿ ಏನು ಮಾಡಬಹುದು?

ಮೊದಲು, ಆಟಕ್ಕೆ ಕೊನೆ ಇದೆಯೇ ಎಂದು ನೋಡಿ. ನಾಲ್ಕೈದು ಗಂಟೆಗಳಲ್ಲಿ ಪಟ್ಟಿ ಮುಗಿಯುವ ಆಟ ಒಂದು ಕಥೆಪುಸ್ತಕವಿದ್ದಂತೆ. ಅದನ್ನು ಎರಡು ಮೂರು ದಿನಕ್ಕೆ ಹಂಚಿ, ಮುಗಿಸಲು ಬಿಡಿ. ಆದರೆ ದಿನವೂ ಬಾರದಿದ್ದರೆ ಬಹುಮಾನ ತಪ್ಪುತ್ತದೆಂದು ಹೆದರಿಸುವ, ಹಣ ಕೊಟ್ಟು ವಸ್ತು ಕೊಳ್ಳಲು ಕರೆಯುವ ಆಟಗಳಿಗೆ ಕೊನೆಯೇ ಇರುವುದಿಲ್ಲ. ಎಚ್ಚರ ಬೇಕಾದದ್ದು ಅಲ್ಲಿ.

ಎರಡನೆಯದಾಗಿ, ಗಡಿಯಾರವೊಂದನ್ನೇ ನೋಡಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಜಾರಿಗೆ ಬಂದ ತನ್ನ ರೋಗಗಳ ಪಟ್ಟಿಯಲ್ಲಿ ಆಟದ ಗೀಳನ್ನು ಸೇರಿಸಿದೆ. ಅದರ ಗುರುತು ಇಷ್ಟು ಗಂಟೆ ಎಂಬುದಲ್ಲ. ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮೇಲಾಗುವುದು, ಹಾನಿ ಕಂಡರೂ ಬಿಡಲಾಗದಿರುವುದು, ಇವು ಸಾಮಾನ್ಯವಾಗಿ ವರ್ಷದುದ್ದಕ್ಕೂ ಇದ್ದಾಗ ಮಾತ್ರ ಅದನ್ನು ಗೀಳೆನ್ನುತ್ತಾರೆ. ಒಂದು ಸಂಜೆಯ ಹಠ ಕಾಯಿಲೆಯಲ್ಲ.

ಮೂರನೆಯದಾಗಿ, “ಎಷ್ಟು ಪದಕ ಬಂತು?” ಎಂದು ಕೇಳಬೇಡಿ. “ಬೆಟ್ಟದ ಮೇಲೆ ಏನು ಕಂಡೆ?” ಎಂದು ಕೇಳಿ. ಆ ಆಟದಲ್ಲಿ ತಾಯಿಯೂ ಮಗಳ ಬಾಯಿಂದ ಅವಳ ನಡಿಗೆಯ ಕಥೆಯನ್ನೇ ಕೇಳುತ್ತಾಳೆ.

ಗರಿಗೆ ಲೆಕ್ಕವಿದೆ, ಮೀನಿಗೆ ಲೆಕ್ಕವಿದೆ. ಅಮ್ಮನ ದನಿ ಕೇಳಿದಾಗ ಎದೆಯಿಂದ ಇಳಿಯುವ ಭಾರಕ್ಕೆ ಯಾವ ಪಟ್ಟಿಯಲ್ಲೂ ಪದಕವಿಲ್ಲ. ಮಗು ಶಿಖರದಿಂದ ಇಳಿದು ಬಂದು ಕಥೆ ಹೇಳಹೊರಟಾಗ, ಕೇಳಲು ನಾವು ಬಿಡುವಾಗಿರಬೇಕು, ಅಷ್ಟೆ.