ದಿಕ್ಕಿನ ದೇಸಿ ಪದಗಳು ಮತ್ತು ಮಕ್ಕಳ ನಕಾಶೆ ಕಲಿಕೆ

ಭೂಗೋಳದ ಪಾಠವನ್ನು ಗೋಡೆಯ ನಕಾಶೆಯಿಂದಲೇ ಆರಂಭಿಸುವ ಪದ್ಧತಿಯಲ್ಲಿ ಒಂದು ತೊಡಕಿದೆ. ಉತ್ತರವೆಂದರೆ ‘ಮೇಲೆ’, ದಕ್ಷಿಣವೆಂದರೆ ‘ಕೆಳಗೆ’ ಎಂಬ ಗ್ರಹಿಕೆ ಮಗುವಿನಲ್ಲಿ ಬೇರೂರುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ವಾಯವ್ಯಾಭಿಮುಖವಾಗಿ ಸಾಗಿ ಹೊನ್ನಾವರದ ಬಳಿ ಕಡಲು ಸೇರುವ ಶರಾವತಿಯು ಆಗ ಏರು ಹತ್ತುವ ನದಿಯಾಗಿಬಿಡುತ್ತದೆ!

ಜನಪದರ ದಿಕ್ಸೂಚಕ ಪದಗಳು ಹಾಳೆಯಿಂದ ಹುಟ್ಟಿದವಲ್ಲ. ಸೂರ್ಯನು ಮೂಡುವ ಕಡೆ ಮೂಡಣ. ಪಡುವ, ಎಂದರೆ ಮುಳುಗುವ ಕಡೆ ಪಡುವಣ. ಕರಾವಳಿಯ ಮೂಡುಬಿದಿರೆ, ಪಡುಬಿದ್ರಿಗಳಲ್ಲಿ ಊರಿನ ಹೆಸರೇ ದಿಕ್ಕನ್ನು ಹೇಳುತ್ತದೆ. ಯಕ್ಷಗಾನದ ತೆಂಕುತಿಟ್ಟು, ಬಡಗುತಿಟ್ಟುಗಳೂ ಹಾಗೆಯೇ. ನೆಲದ ಮೇಲೆ ಕುಂಟೆಬಿಲ್ಲೆಯ ಮನೆಗಳನ್ನು ಗೆರೆಯೆಳೆದು ಆಡುವ ಮಗುವಿಗೆ ಜಾಗವನ್ನು ಗೆರೆಗಳಲ್ಲಿ ಗುರುತಿಸುವ ಕ್ರಮವೂ ಹೊಸದಲ್ಲ. ನಮ್ಮ ಪಠ್ಯಕ್ರಮಗಳು ಈ ಅರಿವನ್ನು ಬಳಸಿಕೊಂಡದ್ದು ಕಡಿಮೆಯೆಂದೇ ಹೇಳಬೇಕು.

ಮಗು ಮೊದಲು ಬೆಳಗಿನ ಸೂರ್ಯನಿಗೆ ಮುಖಮಾಡಿ ನಿಲ್ಲಲಿ: ಎದುರು ಮೂಡಣ, ಬೆನ್ನಿಗೆ ಪಡುವಣ, ಎಡಕ್ಕೆ ಬಡಗಣ, ಬಲಕ್ಕೆ ತೆಂಕಣ. (ಸೂರ್ಯನು ನೇರ ಪೂರ್ವದಲ್ಲಿ ಮೂಡುವುದು ವಿಷುವದ ದಿನಗಳಲ್ಲಿ ಮಾತ್ರ, ಆ ಸೂಕ್ಷ್ಮ ಈ ವಯಸ್ಸಿಗೆ ಬೇಡ.) ಅನಂತರ ಶಾಲೆಯಂಗಳವನ್ನು ನೆಲದ ಮೇಲೆ ಸುಣ್ಣದ ಗೆರೆಗಳಲ್ಲಿ ಬರೆಯಿಸಬೇಕು. ಮುದ್ರಿತ ನಕಾಶೆಯನ್ನೂ ಕೆಲಕಾಲ ನೆಲದ ಮೇಲೆಯೇ ಹಾಸಿ, ಅದರ ಉತ್ತರವನ್ನು ಊರಿನ ಬಡಗಣಕ್ಕೆ ಹೊಂದಿಸಿ ಓದಿಸಬೇಕು. ಗೋಡೆಯ ಮೊಳೆಗೆ ಅದು ಏರುವುದು ಆಮೇಲೆ.