ಕೆಲಸ ಬಿಡುವಾಗ ಕೈಗೆ ಬರುವ ಹಣ: ಯಾವುದಕ್ಕೆ ತೆರಿಗೆ, ಯಾವುದಕ್ಕೆ ಇಲ್ಲ?

ಅರಸೀಕೆರೆ–ತುಮಕೂರು ರೈಲು ಮಾರ್ಗದಲ್ಲಿ ತಿಪಟೂರು ದಾಟಿದ ಮೇಲೆ ಅಮ್ಮಸಂದ್ರ ನಿಲ್ದಾಣ ಸಿಗುತ್ತದೆ. ತುರುವೇಕೆರೆ ತಾಲೂಕಿನ ಈ ಊರಿನ ಸುತ್ತಮುತ್ತ ತೆಂಗಿನ ತೋಟಗಳೇ ತೋಟಗಳು. ಆದರೆ ಊರಿಗೆ ಹೆಸರು ತಂದುಕೊಟ್ಟದ್ದು ಸಿಮೆಂಟ್ ಕಾರ್ಖಾನೆ. 1958ರಲ್ಲಿ ಸ್ಥಾಪನೆಯಾದ ಮೈಸೂರು ಸಿಮೆಂಟ್ಸ್ ಕಂಪನಿ ಇಲ್ಲಿ ಕಾರ್ಖಾನೆ ಕಟ್ಟಿತು. 2006ರಲ್ಲಿ ಕಂಪನಿಯ ಆಡಳಿತ ಜರ್ಮನಿಯ ಹೈಡೆಲ್‌ಬರ್ಗ್ ಸಿಮೆಂಟ್ ಸಮೂಹದ ಕೈಸೇರಿತು. 2009ರಲ್ಲಿ ಕಂಪನಿಯ ಹೆಸರು ಹೈಡೆಲ್‌ಬರ್ಗ್ ಸಿಮೆಂಟ್ ಇಂಡಿಯಾ ಎಂದು ಬದಲಾಯಿತು.

ಇಂಥ ಊರಿನಲ್ಲಿ ಕಾರ್ಖಾನೆಯ ಕೆಲಸ ಬಿಡುವವರ ಮುಂದೆ ಸಾಮಾನ್ಯವಾಗಿ ಒಂದು ಲೆಕ್ಕಾಚಾರ ಸಿದ್ಧವಿರುತ್ತದೆ. ಬಂದ ಹಣದಲ್ಲಿ ತೋಟಕ್ಕೆ ಕೊಳವೆಬಾವಿ, ಮನೆಯ ಸಾಲ, ಮಗಳ ಮದುವೆ. ಕರಾವಳಿಯಿಂದ ಘಟ್ಟ ಹತ್ತಿ ಹೋಗಿ ದುಡಿದ ನಮ್ಮವರ ಕಥೆಯೂ ಇದಕ್ಕಿಂತ ಬೇರೆಯಲ್ಲ. ಜೀವನದಲ್ಲಿ ಒಂದೇ ಬಾರಿ ಬರುವ ಈ ದೊಡ್ಡ ಮೊತ್ತದಲ್ಲಿ ತೆರಿಗೆಗೆ ಎಷ್ಟು ಹೋಗುತ್ತದೆ, ಮನೆಗೆ ಎಷ್ಟು ಬರುತ್ತದೆ ಎಂಬುದು ಬಹುಮಂದಿಗೆ ಕೊನೆಯ ದಿನದವರೆಗೂ ತಿಳಿದಿರುವುದಿಲ್ಲ. ಅಮ್ಮಸಂದ್ರದಂಥ ಕಾರ್ಖಾನೆ ಊರನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ಸರಳವಾಗಿ ವಿವರಿಸಲು ಬಯಸುತ್ತೇವೆ.

ಒಂದೇ ಚೆಕ್, ಹಲವು ಹಣ

ಮೊದಲು ತಿಳಿಯಬೇಕಾದ ಮಾತು ಇದು. ಕೆಲಸ ಬಿಡುವಾಗ ಬರುವ ಹಣ ಒಂದೇ ಚೆಕ್ಕಿನಲ್ಲಿ ಬಂದರೂ ಅದು ಒಂದೇ ಹಣವಲ್ಲ. ಬಾಕಿ ಸಂಬಳ, ಗ್ರಾಚ್ಯುಟಿ, ರಜೆಯ ಹಣ, ಭವಿಷ್ಯ ನಿಧಿ, ಸ್ವಯಂ ನಿವೃತ್ತಿ ಪರಿಹಾರ, ಇವು ಬೇರೆ ಬೇರೆ. ಪ್ರತಿಯೊಂದಕ್ಕೂ ತೆರಿಗೆಯ ನಿಯಮ ಬೇರೆ. ಯಾವ ಹಣ ಯಾವ ತಲೆಬರಹದಡಿ ಬರೆಯಲ್ಪಟ್ಟಿದೆ ಎಂಬುದರ ಮೇಲೆ ತೆರಿಗೆ ನಿಂತಿದೆ.

ಬಾಕಿ ಸಂಬಳ, ಬೋನಸ್, ನೋಟಿಸ್ ಅವಧಿಯ ಬದಲಿಗೆ ಕೊಡುವ ಸಂಬಳ, ಸಂತೋಷಕ್ಕೆಂದು ಕೊಡುವ ಹೆಚ್ಚುವರಿ ಮೊತ್ತ, ಇವೆಲ್ಲ ಸಾಮಾನ್ಯ ಸಂಬಳದಂತೆಯೇ ತೆರಿಗೆಗೆ ಒಳಪಡುತ್ತವೆ. ಉಳಿದವುಗಳನ್ನು ಒಂದೊಂದಾಗಿ ನೋಡೋಣ.

ಗ್ರಾಚ್ಯುಟಿ. ಐದು ವರ್ಷ ಸತತ ಸೇವೆ ಮಾಡಿದವರಿಗೆ ಇದು ಹಕ್ಕು, ಮಾಲೀಕರ ದಯೆಯಲ್ಲ. ನೌಕರ ಮರಣ ಹೊಂದಿದರೆ ಅಥವಾ ಅಂಗವಿಕಲನಾದರೆ ಐದು ವರ್ಷದ ನಿಯಮ ಅನ್ವಯಿಸುವುದಿಲ್ಲ. ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಮತ್ತೆ ಗುಣಿಸಬೇಕು. ಆರು ತಿಂಗಳಿಗಿಂತ ಹೆಚ್ಚಿನ ಅವಧಿಯನ್ನು ಪೂರ್ತಿ ವರ್ಷವೆಂದು ಎಣಿಸುತ್ತಾರೆ. ಖಾಸಗಿ ನೌಕರರಿಗೆ 20 ಲಕ್ಷ ರೂಪಾಯಿವರೆಗೆ ಇದಕ್ಕೆ ತೆರಿಗೆ ಇಲ್ಲ. ಅಮ್ಮಸಂದ್ರದಲ್ಲಿ ಆದಂತೆ ಕಂಪನಿಯ ಆಡಳಿತ ಕೈ ಬದಲಾದರೂ, ಹೆಸರು ಬದಲಾದರೂ, ನೌಕರನ ಸೇವೆ ಅದರಿಂದ ಮುರಿಯುವುದಿಲ್ಲ. ಹಳೆಯ ಹೆಸರಿನಡಿ ದುಡಿದ ವರ್ಷಗಳೂ ಲೆಕ್ಕಕ್ಕೆ ಸೇರಬೇಕು.

ರಜೆಯ ಹಣ. ಉಳಿಸಿಕೊಂಡ ರಜೆಗೆ ಕೆಲಸ ಬಿಡುವಾಗ ಹಣ ಪಡೆದರೆ ಖಾಸಗಿ ನೌಕರರಿಗೆ ವಿನಾಯಿತಿ ಉಂಟು. ಇದರ ಮಿತಿ ಬಹಳ ವರ್ಷ 3 ಲಕ್ಷ ರೂಪಾಯಿಯಲ್ಲೇ ನಿಂತಿತ್ತು. 2023ರ ಏಪ್ರಿಲ್ 1ರಿಂದ 25 ಲಕ್ಷಕ್ಕೆ ಏರಿತು. ಹತ್ತು ತಿಂಗಳ ಸರಾಸರಿ ವೇತನವನ್ನು ಮೀರಿದ ಭಾಗಕ್ಕೆ ಮಾತ್ರ ವಿನಾಯಿತಿ ಸಿಗುವುದಿಲ್ಲ. ವರ್ಷಕ್ಕೆ 30 ದಿನಕ್ಕಿಂತ ಹೆಚ್ಚು ರಜೆಯನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಕೆಲಸದಲ್ಲಿ ಇರುವಾಗಲೇ ರಜೆಯನ್ನು ಮಾರಿದರೆ ಆ ಹಣಕ್ಕೆ ಪೂರ್ತಿ ತೆರಿಗೆ. ನಿವೃತ್ತಿ ಹತ್ತಿರವಿರುವವರು ಇದನ್ನು ನೆನಪಿಡುವುದು ಒಳ್ಳೆಯದು.

ಭವಿಷ್ಯ ನಿಧಿ. ಐದು ವರ್ಷ ಸತತ ಸೇವೆಯ ನಂತರ ತೆಗೆದ ಪಿ.ಎಫ್. ಹಣಕ್ಕೆ ತೆರಿಗೆ ಇಲ್ಲ. ಹಿಂದಿನ ಕಂಪನಿಯ ಖಾತೆಯನ್ನು ಹೊಸದಕ್ಕೆ ವರ್ಗಾಯಿಸಿದ್ದರೆ ಆ ಸೇವೆಯೂ ಐದು ವರ್ಷಕ್ಕೆ ಸೇರುತ್ತದೆ. ಐದು ವರ್ಷಕ್ಕೆ ಮೊದಲೇ ತೆಗೆದು, ಮೊತ್ತ 50,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಶೇ. 10ರಷ್ಟು ತೆರಿಗೆ ಮೊದಲೇ ಕಡಿತವಾಗುತ್ತದೆ; ಪ್ಯಾನ್ ಸಂಖ್ಯೆ ಕೊಡದಿದ್ದರೆ ಕಡಿತ ಇನ್ನೂ ಹೆಚ್ಚು. ಅನಾರೋಗ್ಯದಿಂದ ಅಥವಾ ಕಾರ್ಖಾನೆಯೇ ಮುಚ್ಚಿದ್ದರಿಂದ ಕೆಲಸ ಹೋಗಿದ್ದರೆ ಐದು ವರ್ಷ ತುಂಬದಿದ್ದರೂ ವಿನಾಯಿತಿ ಸಿಗುತ್ತದೆ. ಆದ್ದರಿಂದ ಕೆಲಸ ಬಿಟ್ಟ ಕಾರಣವನ್ನು ದಾಖಲೆಯಲ್ಲಿ ಸರಿಯಾಗಿ ಬರೆಸಿಕೊಳ್ಳಬೇಕು. ಕೆಲಸ ಬಿಟ್ಟ ನಂತರ ಖಾತೆಯಲ್ಲೇ ಉಳಿದ ಹಣಕ್ಕೆ ಸೇರುವ ಬಡ್ಡಿಗೆ ತೆರಿಗೆ ಉಂಟೆಂದು ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ 2017ರಲ್ಲಿ ತೀರ್ಪು ಕೊಟ್ಟಿದೆ. ಇನ್ನೊಂದು ಎಚ್ಚರಿಕೆ: ಹತ್ತು ವರ್ಷ ಸೇವೆ ಪೂರೈಸಿದವರಿಗೆ ಪಿಂಚಣಿಯ ಹಕ್ಕು ಇರುತ್ತದೆ. ಪಿ.ಎಫ್. ತೆಗೆಯುವ ಅವಸರದಲ್ಲಿ ಅದನ್ನು ಮರೆಯಬಾರದು.

ಸ್ವಯಂ ನಿವೃತ್ತಿ ಪರಿಹಾರ. ಜನ ಇದನ್ನು ವಿ.ಆರ್.ಎಸ್. ಎಂದೇ ಕರೆಯುತ್ತಾರೆ. ಹತ್ತು ವರ್ಷ ಸೇವೆ ಮಾಡಿದವರಿಗೆ ಅಥವಾ 40 ವರ್ಷ ವಯಸ್ಸು ತುಂಬಿದವರಿಗೆ, ನಿಯಮದಂತೆ ರೂಪಿಸಿದ ಯೋಜನೆಯಡಿ ಕೊಟ್ಟ ಹಣದಲ್ಲಿ 5 ಲಕ್ಷ ರೂಪಾಯಿವರೆಗೆ ತೆರಿಗೆ ಇಲ್ಲ. ಈ ವಿನಾಯಿತಿ ಜೀವನದಲ್ಲಿ ಒಂದೇ ಬಾರಿ. ಕಂಪನಿಯೇ ಕೆಲಸದಿಂದ ತೆಗೆದರೆ ಕಾರ್ಮಿಕನಿಗೆ ಪೂರೈಸಿದ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನದಂತೆ ಪರಿಹಾರ ಸಿಗಬೇಕು. ಅದಕ್ಕೂ 5 ಲಕ್ಷದವರೆಗೆ ವಿನಾಯಿತಿ ಉಂಟು.

ಒಂದು ಲೆಕ್ಕ

ಉದಾಹರಣೆಗೆ, 55 ವರ್ಷದ ಒಬ್ಬ ಕಾರ್ಮಿಕನನ್ನು ಊಹಿಸಿಕೊಳ್ಳೋಣ. ಸೇವೆ 28 ವರ್ಷ 7 ತಿಂಗಳು. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 26,000 ರೂಪಾಯಿ. ಎಲ್ಲ ಭತ್ಯೆ ಸೇರಿದರೆ ತಿಂಗಳಿಗೆ 35,000. ಸೆಪ್ಟೆಂಬರ್ ಕೊನೆಗೆ ವಿ.ಆರ್.ಎಸ್. ಪಡೆದು ಕೆಲಸ ಬಿಡುತ್ತಾನೆ.

ಗ್ರಾಚ್ಯುಟಿ: ದಿನಕ್ಕೆ 1,000 ರೂಪಾಯಿಯಂತೆ 15 ದಿನ, 29 ವರ್ಷ, ಒಟ್ಟು 4,35,000. ಉಳಿದ 120 ದಿನಗಳ ರಜೆಗೆ 1,04,000. ವಿ.ಆರ್.ಎಸ್. ಮೊತ್ತ 7,00,000. ಮೂರೂ ಸೇರಿ 12,39,000 ರೂಪಾಯಿ. ಆ ವರ್ಷದ ಆರು ತಿಂಗಳ ಸಂಬಳ 2,10,000.

ತಲೆಬರಹಗಳನ್ನು ಸರಿಯಾಗಿ ಬೇರ್ಪಡಿಸಿದರೆ ಗ್ರಾಚ್ಯುಟಿಗೆ ತೆರಿಗೆ ಇಲ್ಲ, ರಜೆಯ ಹಣಕ್ಕೆ ಇಲ್ಲ, ವಿ.ಆರ್.ಎಸ್.ನಲ್ಲಿ 5 ಲಕ್ಷಕ್ಕೆ ಇಲ್ಲ. ಸಂಬಳಕ್ಕೆ ಸೇರುವುದು ಉಳಿದ 2 ಲಕ್ಷ ಮಾತ್ರ. ಒಟ್ಟು ಆದಾಯ 4,10,000. ಹೊಸ ತೆರಿಗೆ ಪದ್ಧತಿಯಲ್ಲಿ 2025–26ರಿಂದ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಇರುವುದರಿಂದ ಕಟ್ಟಬೇಕಾದ ತೆರಿಗೆ ಸೊನ್ನೆ.

ಅದೇ ಹಣವನ್ನು ಲೆಕ್ಕಪತ್ರದಲ್ಲಿ ‘ಒಟ್ಟು ಇತ್ಯರ್ಥದ ಮೊತ್ತ’ ಎಂದು ಒಂದೇ ಸಾಲಿನಲ್ಲಿ ಬರೆದು ಸಂಬಳವೆಂದೇ ಎಣಿಸಿದರೆ ಆದಾಯ 14,49,000 ಆಗುತ್ತದೆ. 75,000 ರೂಪಾಯಿಯ ಸಾಮಾನ್ಯ ಕಡಿತ ಕಳೆದು ಅದೇ ದರಗಳಲ್ಲಿ ಲೆಕ್ಕ ಹಾಕಿದರೆ, ಸೆಸ್ ಸೇರಿ ತೆರಿಗೆ 89,544 ರೂಪಾಯಿ. ದುಡಿಮೆ ಅದೇ, ಹಣ ಅದೇ. ಬದಲಾದದ್ದು ಒಂದು ಸಾಲು. ರಿಟರ್ನ್ ಸಲ್ಲಿಸಿ ಈ ಹಣವನ್ನು ಹಿಂದೆ ಪಡೆಯಬಹುದು ನಿಜ. ಆದರೆ ರಿಟರ್ನ್ ಸಲ್ಲಿಸಬೇಕೆಂದೇ ತಿಳಿಯದವರ ಪಾಲಿಗೆ ಅದು ಹೋದ ಹಣವೇ.

ತೆಂಗು ಬೆಳೆಯುವವರು ಇನ್ನೊಂದು ವಿಷಯ ಗಮನಿಸಬೇಕು. ತೋಟದ ತೆಂಗಿನಕಾಯಿಯ ಆದಾಯ ಕೃಷಿ ಆದಾಯ. ಅದಕ್ಕೆ ನೇರವಾಗಿ ಕೇಂದ್ರದ ಆದಾಯ ತೆರಿಗೆ ಇಲ್ಲ. ಆದರೆ ವರ್ಷಕ್ಕೆ 5,000 ರೂಪಾಯಿ ಮೀರಿದರೆ, ಬೇರೆ ಆದಾಯಕ್ಕೆ ಯಾವ ದರದ ತೆರಿಗೆ ಎಂಬ ಲೆಕ್ಕದಲ್ಲಿ ಅದನ್ನೂ ಸೇರಿಸುತ್ತಾರೆ. ಕೈಗೆ ಬಂದ ಇಡುಗಂಟನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟರೆ, ಠೇವಣಿಗೆ ತೆರಿಗೆ ಇಲ್ಲದಿದ್ದರೂ ಬಡ್ಡಿಗೆ ಉಂಟು.

ಹಣ ಎಷ್ಟು ದಿನದಲ್ಲಿ ಬರಬೇಕು?

2025ರ ನವೆಂಬರ್ 21ರಂದು ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವುಗಳ ಪ್ರಕಾರ ರಾಜೀನಾಮೆ ಕೊಟ್ಟರೂ, ಕೆಲಸದಿಂದ ತೆಗೆದರೂ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಗ್ರಾಚ್ಯುಟಿಯನ್ನು 30 ದಿನಗಳೊಳಗೆ ಕೊಡಬೇಕು. ತಡವಾದರೆ ಬಡ್ಡಿ ಸೇರಿಸಬೇಕು. ನಿಗದಿತ ಅವಧಿಯ ಒಪ್ಪಂದದ ಮೇಲೆ ದುಡಿಯುವವರಿಗೆ ಐದು ವರ್ಷ ಕಾಯಬೇಕಿಲ್ಲ, ಒಂದು ವರ್ಷದ ಸೇವೆಗೇ ಅದರ ಪ್ರಮಾಣದಲ್ಲಿ ಗ್ರಾಚ್ಯುಟಿ ಸಿಗುತ್ತದೆ. ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ, ಮೀರಿದ ಭಾಗವನ್ನು ವೇತನವೆಂದೇ ಎಣಿಸಬೇಕು. ಮೂಲ ವೇತನವನ್ನು ಕಡಿಮೆ ತೋರಿಸಿ ಗ್ರಾಚ್ಯುಟಿ ಇಳಿಸುವ ದಾರಿಗೆ ಇದು ತಡೆ.

ತೆರಿಗೆಯಲ್ಲೂ 1961ರ ಕಾಯ್ದೆಯ ಬದಲಿಗೆ 2025ರ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಸೆಕ್ಷನ್ ಮತ್ತು ಫಾರಂ ಸಂಖ್ಯೆಗಳು ಬದಲಾಗಿರುವುದರಿಂದ ಹಳೆಯ ಫಾರಂ ತುಂಬಿ ಕೊಡಬೇಡಿ.

ನಮ್ಮ ಸಂಸ್ಥೆಗಳ ಮಾತು

ಈ ನಿಯಮಗಳು ಕಾರ್ಖಾನೆಗೆ ಮಾತ್ರ ಎಂದು ನಮ್ಮ ಶಾಲೆ, ಆಸ್ಪತ್ರೆಗಳನ್ನು ನಡೆಸುವವರು ಭಾವಿಸಬಾರದು. ಗ್ರಾಚ್ಯುಟಿ ಕಾಯ್ದೆಯ ಅರ್ಥದಲ್ಲಿ ಶಿಕ್ಷಕರು ‘ನೌಕರರು’ ಅಲ್ಲವೆಂದು ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿತ್ತು. ಸಂಸತ್ತು 2009ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, 1997ರ ಏಪ್ರಿಲ್ 3ರಿಂದಲೇ ಅನ್ವಯವಾಗುವಂತೆ ಶಿಕ್ಷಕರನ್ನೂ ಸೇರಿಸಿತು. ಖಾಸಗಿ ಶಾಲೆಗಳು ಇದನ್ನು ಪ್ರಶ್ನಿಸಿದಾಗ 2022ರ ಆಗಸ್ಟ್ 29ರಂದು ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅನುದಾನಿತ ಶಾಲೆಗಳಲ್ಲಿ ಕಲಿಸುವ ಗುರುಗಳ ಮತ್ತು ಧರ್ಮಭಗಿನಿಯರ ಸಂಬಳಕ್ಕೂ ತೆರಿಗೆ ಕಡಿತ ಅನ್ವಯಿಸುತ್ತದೆ ಎಂಬುದು 2024ರ ನವೆಂಬರ್‌ನಲ್ಲಿ ಅದೇ ನ್ಯಾಯಾಲಯದಲ್ಲಿ ಇತ್ಯರ್ಥವಾಗಿದೆ.

ನ್ಯಾಯವಾದ ಕೂಲಿಯ ಬಗ್ಗೆ ಜಗದ್ಗುರು ಹದಿಮೂರನೇ ಲಿಯೋ ಅವರು 1891ರಲ್ಲಿ ‘ರೇರುಮ್ ನೋವಾರುಮ್’ ವಿಶ್ವಪತ್ರ ಹೊರಡಿಸಿದರು. ಅದನ್ನು ಇತರರಿಗೆ ಬೋಧಿಸುವ ನಾವು, 25 ವರ್ಷ ಮಕ್ಕಳಿಗೆ ಕಲಿಸಿದ ಟೀಚರಮ್ಮನನ್ನು ಹಾರ ಹಾಕಿ ಶಾಲು ಹೊದಿಸಿ ಕಳುಹಿಸಿದರೆ ಸಾಲದು. ಅವರ ಲೆಕ್ಕವನ್ನೂ ಪೂರ್ತಿ ಕೊಟ್ಟು ಕಳುಹಿಸಬೇಕು.

ಸಹಿ ಹಾಕುವ ಮುನ್ನ

ಕೆಲಸ ಬಿಡುವವರು ಈ ಕೆಳಗಿನವನ್ನು ನೋಡಿಕೊಂಡರೆ ಸಾಕು:

1. ಪ್ರತಿ ಮೊತ್ತವನ್ನೂ ಬೇರೆ ಬೇರೆ ತಲೆಬರಹದಡಿ ತೋರಿಸಿದ ಲೆಕ್ಕಪತ್ರ ಕೇಳಿ ಪಡೆಯಿರಿ.
2. ಕೆಲಸಕ್ಕೆ ಸೇರಿದ ದಿನಾಂಕ, ಬಿಟ್ಟ ದಿನಾಂಕ ಮತ್ತು ಬಿಟ್ಟ ಕಾರಣ ಸರಿಯಾಗಿವೆಯೇ ಎಂದು ನೋಡಿ.
3. ಪಿ.ಎಫ್. ಖಾತೆಯಲ್ಲಿ ಹೆಸರು, ಜನ್ಮದಿನಾಂಕ, ಆಧಾರ್, ಪ್ಯಾನ್ ಹೊಂದಿಕೆಯಾಗುವಂತೆ ಕೆಲಸ ಬಿಡುವ ಮೊದಲೇ ತಿದ್ದಿಸಿಕೊಳ್ಳಿ.
4. ಅದೇ ವರ್ಷ ಬೇರೆ ಕೆಲಸಕ್ಕೆ ಸೇರಿದರೆ ಹಿಂದಿನ ಸಂಬಳದ ವಿವರವನ್ನು ಹೊಸಬರಿಗೆ ಕೊಡಿ. ಇಲ್ಲವಾದರೆ ವರ್ಷದ ಕೊನೆಗೆ ತೆರಿಗೆಯ ಹೊರೆ ಒಟ್ಟಿಗೆ ಬರುತ್ತದೆ.
5. ತೆರಿಗೆ ಬಾರದಿದ್ದರೂ ಆ ವರ್ಷ ರಿಟರ್ನ್ ಸಲ್ಲಿಸಿ, ವಿನಾಯಿತಿಯ ಮೊತ್ತಗಳನ್ನು ಅದರಲ್ಲಿ ತೋರಿಸಿ.
6. ‘ಇನ್ನು ಯಾವ ಬಾಕಿಯೂ ಇಲ್ಲ’ ಎಂಬ ಕಾಗದಕ್ಕೆ ಓದದೆ ಸಹಿ ಹಾಕಬೇಡಿ. ಹಾಕಿದ್ದರ ಪ್ರತಿಯನ್ನು ಇಟ್ಟುಕೊಳ್ಳಿ. ಕಾನೂನು ಕೊಟ್ಟ ಗ್ರಾಚ್ಯುಟಿಯ ಹಕ್ಕು ಅಂಥ ಒಂದು ಸಹಿಯಿಂದ ಅಳಿಯುವುದಿಲ್ಲ. ತಕರಾರಿದ್ದರೆ ಕಾರ್ಮಿಕ ಇಲಾಖೆಯ ಅಧಿಕಾರಿಗಳಿಗೆ ಅರ್ಜಿ ಕೊಡಬಹುದು.

ಲೆಕ್ಕ ಕೇಳುವುದು ಅವಿಶ್ವಾಸವಲ್ಲ, ಕೃತಘ್ನತೆಯೂ ಅಲ್ಲ. ಧರ್ಮಕೇಂದ್ರಗಳಲ್ಲಿ ಬ್ಯಾಂಕ್, ಲೆಕ್ಕಪತ್ರ ಅಥವಾ ಕಾನೂನು ಬಲ್ಲ ಹಿರಿಯರು ಇದ್ದೇ ಇರುತ್ತಾರೆ. ಭಾನುವಾರದ ಪೂಜೆಯ ನಂತರ ಅರ್ಧ ಗಂಟೆ ಕುಳಿತು ಇಂಥವರ ಕಾಗದಗಳನ್ನು ಓದಿ ಹೇಳಿದರೆ ಅದು ದೊಡ್ಡ ಸೇವೆ. ಮುಂದಿನ ಮಾರ್ಚ್ ಒಳಗೆ ಕೆಲಸ ಬಿಡುವವರು ನಿಮ್ಮ ವಾಳೆಯಲ್ಲಿ ಯಾರಿದ್ದಾರೆಂದು ಈಗಲೇ ವಿಚಾರಿಸಿ ಎಂದು ವಾಳೆಯ ಗುರಿಕಾರರಲ್ಲಿ ನಮ್ಮ ವಿನಂತಿ.