ಹೊಸ ಆಟಗಾರರಿಗೆ ಮೊದಲ ಯುದ್ಧವಿಮಾನ ಯಾವುದು?

ಹುಬ್ಬಳ್ಳಿಯ ವಿದ್ಯಾನಗರದ ಹಾಸ್ಟೆಲ್ಲಿರಲಿ, ಧಾರವಾಡದ ಪಿ.ಜಿ. ಕೋಣೆಯಿರಲಿ, ‘ವಾರ್ ಥಂಡರ್’ನಂಥ ಆಟವನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡ ಹುಡುಗರು ಮೊದಲು ಕೇಳುವುದು, “ಅಣ್ಣಾ, ಯಾವ ಪ್ಲೇನ್ ಭಾಳ ಸ್ಟ್ರಾಂಗ್ ಐತಿ?” ಕೇಳಬೇಕಾದದ್ದು ಬೇರೆ: ಈ ವಿಮಾನ ಯಾವ ಬಗೆಯ ಕಾಳಗಕ್ಕೆ ಹುಟ್ಟಿದ್ದು?

ಎರಡನೇ ಮಹಾಯುದ್ಧದ ಫೈಟರ್‌ಗಳಲ್ಲಿ ಸ್ಥೂಲವಾಗಿ ಎರಡು ಜಾತಿ. ಹರಿಕೇನ್, ಸ್ಪಿಟ್‌ಫೈರ್, ಜಪಾನಿನ ಜೀರೋ ಸಣ್ಣ ವೃತ್ತದಲ್ಲಿ ತಿರುಗಿ ಶತ್ರುವಿನ ಬೆನ್ನು ಹಿಡಿಯುತ್ತವೆ. ಜರ್ಮನಿಯ ಫೋಕೆ-ವುಲ್ಫ್ 190, ಅಮೆರಿಕದ ಪಿ-47 ಮೇಲಿಂದ ಎರಗಿ, ಹೊಡೆದು, ನಿಲ್ಲದೆ ಮುಂದೆ ಹೋಗುತ್ತವೆ. ಹೊಸಬರಿಗೆ ನಾನು ಹೇಳುವುದು ಹರಿಕೇನ್. ವೇಗ ಕಡಿಮೆ, ಆದರೆ ತಿರುವು ಚೆನ್ನ, ಸ್ವಭಾವ ಸೌಮ್ಯ. 1944ರಲ್ಲಿ ಇಂಫಾಲದಲ್ಲಿ ನಮ್ಮ ವಾಯುಪಡೆಯ ಒಂದನೇ ಸ್ಕ್ವಾಡ್ರನ್ ಹಾರಿಸಿದ್ದೂ ಇದನ್ನೇ.

ಫೋಕೆ-ವುಲ್ಫ್ 190ಕ್ಕೂ ಕರ್ನಾಟಕದ ನಂಟಿದೆ. ಅದರ ವಿನ್ಯಾಸಕ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿನ ಎಚ್‌ಎಎಲ್‌ಗೆ ಬಂದು ‘ಮಾರುತ್’ ಜೆಟ್ ರೂಪಿಸಿದರು; ಅದು 1961ರ ಜೂನ್‌ನಲ್ಲಿ ಮೊದಲು ಹಾರಿತು. ಬೆಂಗಳೂರಿನ ಎಚ್‌ಎಎಲ್ ಸಂಗ್ರಹಾಲಯದಲ್ಲಿ ಮಾರುತ್ ನೋಡಿದವರು ಆಟದಲ್ಲಿ ಈ ಜರ್ಮನ್ ಫೈಟರನ್ನು ಆರಿಸಿದಾಗ ಅದು ಅದೇ ಕೈಯ ಕೆಲಸವೆಂದು ನೆನೆಯಲಿ. ಮಗ್ಗುಲು ಬದಲಿಸುವುದರಲ್ಲಿ ಅದು ಮಿಂಚು. ಆದರೆ ಸ್ಪಿಟ್‌ಫೈರ್ ಜತೆ ಸುತ್ತಲು ಹೋದರೆ ಸೋಲು ಖಚಿತ.

ಯಾವುದನ್ನೇ ಆರಿಸಿ, ಮೊದಲು ಕಲಿಯಬೇಕಾದದ್ದು ಎತ್ತರದ ಲೆಕ್ಕ. ಹುಬ್ಬಳ್ಳಿಯ ನೃಪತುಂಗ ಬೆಟ್ಟದಿಂದ ಇಳಿಯುವ ಸೈಕಲ್ಲಿಗೆ ಪೆಡಲ್ ತುಳಿಯದೆಯೇ ವೇಗ ಬರುತ್ತದೆ. ಆ ವೇಗವೇ ಮುಂದಿನ ಏರನ್ನು ಹತ್ತಿಸುತ್ತದೆ. ವಿಮಾನಕ್ಕೂ ಹಾಗೆಯೇ. ಗಾಳಿಯ ಎಳೆತ ಬಿಟ್ಟು ಲೆಕ್ಕ ಹಾಕಿದರೆ, ಗಂಟೆಗೆ 300 ಕಿ.ಮೀ. ವೇಗದಲ್ಲಿರುವ ವಿಮಾನ ಸುಮಾರು 630 ಮೀಟರ್ ಕೆಳಗಿಳಿದರೆ 500 ಕಿ.ಮೀ. ಮುಟ್ಟುತ್ತದೆ. ಅದೇ ವೇಗ ತೆತ್ತು ಮತ್ತೆ ಮೇಲೇರಬಹುದು. ಹೊಸಬರು ಮಾಡುವುದೇನು? ಆಟ ಶುರುವಾದೊಡನೆ ನೆಲಮಟ್ಟದಲ್ಲೇ ಶತ್ರುವಿನ ಕಡೆ ಓಡುತ್ತಾರೆ. ಮೇಲೆ ಕಾದು ನಿಂತವನಿಗೆ ಅವರು ಸುಲಭದ ಬೇಟೆ. ಮೊದಲ ಕೆಲವು ನಿಮಿಷ ತಮ್ಮ ಕಡೆಯ ಆಕಾಶದಲ್ಲೇ ಏರಬೇಕು, ಆಮೇಲೆ ಕಾಳಗದ ಕಡೆ ಮೂಗು ತಿರುಗಿಸಬೇಕು. ತಾಳ್ಮೆ ಬೇಡುವ ಕೆಲಸ, ಆದರೆ ಇದಕ್ಕಿಂತ ಹೆಚ್ಚು ಫಲ ಕೊಡುವ ಅಭ್ಯಾಸ ಮತ್ತೊಂದಿಲ್ಲ.

ತಿರುವೂ ಪುಕ್ಕಟೆಯಲ್ಲ. ಎತ್ತರ ಬಿಡದೆ 60 ಡಿಗ್ರಿ ವಾಲಿ ತಿರುಗಿದರೆ ರೆಕ್ಕೆ ಹೊರುವ ಭಾರ ಇಮ್ಮಡಿ. ನೇರ ಹಾರಾಟದಲ್ಲಿ 140 ಕಿ.ಮೀ.ಗೆ ಸ್ಟಾಲ್ ಆಗುವ ವಿಮಾನ ಆಗ 198ಕ್ಕೇ ಗಾಳಿಯ ಹಿಡಿತ ತಪ್ಪಿ ಜಾರುತ್ತದೆ. ವಿಮಾನ ನಡುಗತೊಡಗಿದರೆ ಮೌಸನ್ನು ಇನ್ನಷ್ಟು ಎಳೆಯಬೇಡಿ, ಸಡಿಲಿಸಿ.

ಗುಂಡಿನ ವಿಷಯ. ಹರಿಕೇನಿನ ಎಂಟು ಮಷಿನ್‌ಗನ್ ರೆಕ್ಕೆಯಲ್ಲಿವೆ, ಅವುಗಳ ಗುಂಡು ಒಂದೆಡೆ ಕೂಡುವ ದೂರವನ್ನು ಆಟದಲ್ಲೇ ಹೊಂದಿಸಬಹುದು. 300 ಮೀಟರ್ ಇಟ್ಟುಕೊಳ್ಳಿ, ಅಷ್ಟು ಹತ್ತಿರವಾಗುವ ತನಕ ಹೊಡೆಯಬೇಡಿ. ಗುಂಡು ಅಷ್ಟು ದೂರ ಸಾಗುವ ಅರ್ಧ ಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ, ಅಡ್ಡಲಾಗಿ 400 ಕಿ.ಮೀ. ವೇಗದಲ್ಲಿ ಹೋಗುವ ವಿಮಾನ ಸುಮಾರು 45 ಮೀಟರ್ ಮುಂದೆ ಹೋಗಿರುತ್ತದೆ. ಗುರಿ ಅದರ ಮೂಗಿನ ಮುಂದಿರಬೇಕು. ‘ಆರ್ಕೇಡ್’ ಮೋಡ್‌ನಲ್ಲಿ ಆಟವೇ ಆ ಜಾಗವನ್ನು ಗುರುತು ಹಾಕಿ ತೋರಿಸುತ್ತದೆ; ‘ರಿಯಲಿಸ್ಟಿಕ್’ನಲ್ಲಿ ತೋರಿಸುವುದಿಲ್ಲ. ಆದ್ದರಿಂದ ಆರ್ಕೇಡ್‌ನಲ್ಲಿ ಕಣ್ಣು ಪಳಗಿಸಿಕೊಂಡು ಮುಂದೆ ಹೋಗಿ.

ಜಾಯ್‌ಸ್ಟಿಕ್ ಬೇಕಿಲ್ಲ, ಮೌಸ್ ಸಾಕು. ಪಿಂಗ್ ಕಡಿಮೆಯಿರುವ ಸರ್ವರ್ ಆರಿಸಿ. ಹಾಸ್ಟೆಲ್ಲಿನ ವೈಫೈ ತಡವರಿಸುತ್ತಿದ್ದರೆ ಸಾಧ್ಯವಾದಲ್ಲಿ ಕೇಬಲ್ ಹಾಕಿ. ದುಡ್ಡು ಕೊಟ್ಟು ಮೊದಲ ವಾರದಲ್ಲೇ ಜೆಟ್ ಕೊಳ್ಳಬೇಡಿ. ಎದುರಿಗೆ ಬರುವವರು ವರ್ಷಗಟ್ಟಲೆ ಪಳಗಿದವರು, ಮನೆಯವರ ದುಡ್ಡೂ ಹೋಗುತ್ತದೆ, ಉತ್ಸಾಹವೂ ಹೋಗುತ್ತದೆ.

ಇಳಿಯುವುದನ್ನೂ ಕಲಿಯಿರಿ. ರಿಯಲಿಸ್ಟಿಕ್‌ನಲ್ಲಿ ರಿಪೇರಿ, ಹೊಸ ಗುಂಡು ಎಲ್ಲ ರನ್‌ವೇಗೆ ಮರಳಿದವರಿಗೇ. ವೇಗ ಇಳಿಯುವ ಮೊದಲೇ ಚಕ್ರ, ಫ್ಲ್ಯಾಪ್ ತೆರೆದರೆ ಕಿತ್ತುಹೋಗುತ್ತವೆ. ಇಲ್ಲೂ ಹರಿಕೇನ್ ವಾಸಿ: ಅದರ ಚಕ್ರಗಳ ನಡುವೆ ಅಂತರ ಹೆಚ್ಚು. ಸ್ಪಿಟ್‌ಫೈರಿನದು ಇಕ್ಕಟ್ಟು, ಸೊಟ್ಟಗೆ ಇಳಿಸಿದರೆ ರೆಕ್ಕೆಯ ತುದಿ ನೆಲಕ್ಕೆ ತಾಗುತ್ತದೆ.